ಸೊಲ್ಲು ಹಿಡಿಯದ ಹೆಂಗಸರು

ಸೀತು ಒಂದು ಕ್ಯಾಸೆಟ್ಟನ್ನು ತಂದು ವಕೀಲೆ ವಸುಮತಿಯ ಮೇಜಿನ ಮೇಲಿಟ್ಟಳು. ಅಜ್ಜಾವರದ ಗದ್ದೆಗಳಲ್ಲಿ ನೇಜಿ ನೆಡುವಾಗ ಹೆಂಗಸರು ಹೇಳುವ ಹಾಡು ಅದು. ದನಿ ಸೀತುವಿನದು. ಹೊದಿಕೆಯ ಮೇಲೆ ಮಾತ್ರ 'ರಚನೆ: ತ್ಯಾಂಪಣ್ಣ' ಎಂದಿತ್ತು. ಆತ ಈ ಕ್ಯಾಸೆಟ್ಟು ಹೊರತಂದ ದರ್ಬೆಯ ಕ್ಯಾಸೆಟ್ ಅಂಗಡಿಯ ಸರ್ವೋತ್ತಮನ ಭಾವ.

"ಅವರು ಗದ್ದೆಗೆ ಇಳಿದದ್ದನ್ನೇ ನಾನು ನೋಡ್ಲಿಲ್ಲ. ಅಮ್ಮ ಕಲಿಸಿದ ಹಾಡು ಇದು. ನಾಳೆ ನನ್ನ ಮಗಳು ಹೇಳಿದ್ರೆ ಅವಳೇ ಕದ್ದದ್ದು ಅಂತ ಆಗುದಿಲ್ವಾ ಅಕ್ಕ?"

ವಸುಮತಿ ಕಾಪಿರೈಟಿನ ಪುಸ್ತಕವನ್ನು ಮತ್ತೊಮ್ಮೆ ನೋಡಿಕೊಂಡೇ ಬಾಯಿ ತೆರೆದಳು. "ಹಾಡುದನ್ನು ಯಾರೂ ತಡೆಯಲಿಕ್ಕಾಗುದಿಲ್ಲ. ಅವರಿಗೆ ಹಕ್ಕು ಇದ್ದರೆ ಆ ಟೇಪಿನ ಮೇಲೆ ಮಾತ್ರ. ಆದರೆ ಹೆಸರಿಗಾಗಿ ದಾವೆ ಹಾಕಿದರೆ, ಬರೆದದ್ದು ಯಾರು ಅಂತ ಕೋರ್ಟು ಕೇಳ್ತದೆ."

"ಬರೆದದ್ದೇ ಇಲ್ವಲ್ಲ!"

"ಅದೇ ತೊಂದರೆ." ವಸುಮತಿ ಪೆನ್ನಿನ ಮುಚ್ಚಳ ಕಚ್ಚಿದಳು. "ಅವರು ಬೇರೆ ಹಾಡು ಬೇಕು ಅಂತ ಕೇಳಿದ್ದುಂಟಾ?"

"ಎರಡನೇ ಕ್ಯಾಸೆಟ್ಟಿಗೆ ಆದಿತ್ಯವಾರ ಬರ್ಲಿಕ್ಕೆ ಹೇಳಿದ್ದಾರೆ."

"ಹಾಗಾದರೆ ಈ ಸಲ ಹಾಡುವ ಮೊದಲೇ ಹೆಸರಿನ ಒಪ್ಪಂದ ಕೇಳುವ."

ಆದಿತ್ಯವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀತುವೂ ಸೇರಿ ಐದು ಮಂದಿ ಹೆಂಗಸರು ಕುಳಿತರು. ಒಪ್ಪಂದದ ಕಾಗದವಿದ್ದ ಚೀಲವನ್ನು ತಬ್ಬಿಕೊಂಡು ವಸುಮತಿ ಮೂಲೆಯಲ್ಲಿ ನಿಂತಳು.

"ವಕೀಲರೂ ಹಾಡ್ತಾರಾ?" ಎಂದು ನಗುತ್ತ ಸರ್ವೋತ್ತಮ ಟೇಪಿನ ಗುಂಡಿ ಒತ್ತಿದ.

ಒಬ್ಬಳು ಸೊಲ್ಲು ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಡಿದುಕೊಳ್ಳಬೇಕು, ಆಗಲೇ ಹಾಡು ಮುಂದೆ ಹೋಗುವುದು. ಸೀತು ಎತ್ತಿಕೊಟ್ಟಳು. ಯಾರೂ ಹಿಡಿಯಲಿಲ್ಲ. ಅವಳ ಪಕ್ಕದ ರಾಜೀವಿಯಂತೂ ಫ್ಯಾನು ನೋಡುತ್ತ ಕುಳಿತಳು.

"ಎಂತ ಮಾರಾಯ್ತಿ, ಗಂಟಲು ಕಟ್ಟಿತಾ?" ಎಂದ ಸರ್ವೋತ್ತಮ.

"ರಚನೆ ಮಾಡಿದವರು ಇದ್ದಾರಲ್ಲ," ಎಂದಳು ರಾಜೀವಿ. "ಉಳಿದದ್ದು ಅವರೇ ಹೇಳ್ಲಿ."

ಬಾಗಿಲಲ್ಲಿ ನಿಂತಿದ್ದ ತ್ಯಾಂಪಣ್ಣ ಕೆಮ್ಮಿದ. "ಅದು... ಶುರು ಎಲ್ಲಿಂದ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಟೇಪು ನಿಲ್ಲಿಸಿದ ಸರ್ವೋತ್ತಮನಿಗೂ ನಗು ತಡೆಯಲಾಗಲಿಲ್ಲ. "ಆಯ್ತು, ಎಂತ ಬರೀಬೇಕು ಹೇಳಿ."

ವಸುಮತಿ ಕಾಗದ ಹೊರತೆಗೆದಳು. ಹಳೆಯ ಕ್ಯಾಸೆಟ್ಟಿನ ಹೊದಿಕೆಯನ್ನೂ ಬದಲಿಸಬೇಕು ಎಂದು ಅದರಲ್ಲಿತ್ತು. ಹೆಸರಿನ ಜಾಗ ಮಾತ್ರ ಖಾಲಿ.

"ನನ್ನ ಅಮ್ಮನದ್ದು ಹಾಕಿ," ಎಂದಳು ಸೀತು.

"ಅದಕ್ಕೂ ಮೊದಲು ನನ್ನ ಅತ್ತೆಯ ಬಾಯಲ್ಲಿತ್ತು!" ಎಂದಳು ರಾಜೀವಿ.

ಸ್ವಲ್ಪ ಹೊತ್ತು ಜಗಳವೇ ಆಯಿತು. ಕೊನೆಗೆ ಎಲ್ಲರೂ ಒಪ್ಪಿದ್ದು: 'ಅಜ್ಜಾವರದ ನೇಜಿ ಹೆಂಗಸರು ಹೇಳಿಕೊಂಡು ಬಂದ ಹಾಡು'. ಕೆಳಗೆ ಐವರ ಹೆಸರು.

"ಇಷ್ಟಕ್ಕೆ ಜಾಗ ಸಾಲುದಿಲ್ಲ ಮಾರಾಯ್ರೆ," ಎಂದ ಸರ್ವೋತ್ತಮ.

"ಭಾವನ ಹೆಸರು ತೆಗೀರಿ, ಸಾಲ್ತದೆ."

ಸರ್ವೋತ್ತಮ ಸಹಿ ಹಾಕಿದ. ಶಾಯಿ ಒಣಗುವವರೆಗೂ ವಸುಮತಿ ಕಾಗದವನ್ನು ಕೈಬಿಡಲಿಲ್ಲ. ಅಷ್ಟರಲ್ಲಿ ಸೀತು ಸೊಲ್ಲು ಎತ್ತಿಯಾಗಿತ್ತು, ಉಳಿದವರು ಹಿಡಿದೂ ಆಗಿತ್ತು.

"ನಿಲ್ಲಿ, ನಿಲ್ಲಿ, ಟೇಪು ಶುರು ಮಾಡ್ಲಿಲ್ಲ!" ಎಂದು ಸರ್ವೋತ್ತಮ ಕೂಗಿದ.

ಯಾರೂ ನಿಲ್ಲಿಸಲಿಲ್ಲ.