ಇನ್ನೊಂದಿಪ್ಪತ್ತು ಸಾವಿರ

ವೇದವಲ್ಲಿ ಟೀಚರ್ ನಿವೃತ್ತರಾದ ವರ್ಷ ಅವರ ಅಣ್ಣ ನಾಣಿಯ ಮಗ ಆದಿತ್ಯ ಹಾಸನದಿಂದ ಬಂದು ಒಂದು ಕ್ರೆಡಿಟ್ ಕಾರ್ಡ್ ಕೊಡಿಸಿದ. "ಅತ್ತೆ, ಇದರಲ್ಲಿ ಖರ್ಚು ಮಾಡಿದಷ್ಟೂ ಪಾಯಿಂಟ್ ಬರುತ್ತೆ. ಕೂಡಿಟ್ಟರೆ ವಿಮಾನದ ಟಿಕೆಟ್ಟೇ ತಗೋಬಹುದು" ಅಂದ. ಮೂವತ್ತಮೂರು ವರ್ಷ ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ವೇದವಲ್ಲಿಗೆ ಆ ಮಾತಿನಲ್ಲಿ ವಿಮಾನಕ್ಕಿಂತ ಮೊದಲು ಲೆಕ್ಕ ಕಂಡಿತು. ಅವತ್ತು ಸಂಜೆಯೇ ಅರಸೀಕೆರೆಗೆ ಫೋನ್ ಮಾಡಿದರು.

ಅರಸೀಕೆರೆಯಲ್ಲಿದ್ದವಳು ಉಷಾರಾಣಿ. ಅದೇ ಶಾಲೆಯಲ್ಲಿ ಸಮಾಜ ಪಾಠ ಮಾಡಿದವಳು. ಗಂಡ ಉದಯಕುಮಾರ್ ಕೊಬ್ಬರಿ ವ್ಯಾಪಾರಿ. ಬೇಲೂರಿನ ಕಡೆಯಿಂದ ವೇದವಲ್ಲಿ, ಜಾವಗಲ್ಲಿನ ಕಡೆಯಿಂದ ಉಷಾರಾಣಿ, ಬೆಳಿಗ್ಗೆ ಒಂಬತ್ತೂವರೆಗೆ ಎರಡು ಬಸ್ಸುಗಳಿಂದ ಇಳಿದು ಹಳೇಬೀಡಿನ ವೃತ್ತದಲ್ಲಿ ಸೇರುತ್ತಿದ್ದರು. ಒಬ್ಬಳ ಬಸ್ಸು ತಡವಾದರೆ ಇನ್ನೊಬ್ಬಳು ಕಾಯುತ್ತಿದ್ದಳು. ಹಾಗೆ ಕಾದು ಇಬ್ಬರೂ ಹೆಡ್‌ಮಾಸ್ಟರ ಕೈಲಿ ಎಷ್ಟೋ ಸಲ ಬೈಸಿಕೊಂಡಿದ್ದರು.

ಮಧ್ಯಾಹ್ನದ ಡಬ್ಬಿಯನ್ನು ದೇವಸ್ಥಾನದ ಹುಲ್ಲಿನ ಮೇಲೆ ಕೂತು ಬಿಚ್ಚುವುದು ರೂಢಿ. ಅಲ್ಲಿಗೆ ಯಾವ್ಯಾವುದೋ ದೇಶದವರು ಬರುತ್ತಿದ್ದರು. ಉಷಾರಾಣಿಗೆ ಸಂಕೋಚವೆಂಬುದಿಲ್ಲ. ಅರೆಬರೆ ಇಂಗ್ಲಿಷಿನಲ್ಲಿ "ನಿಮ್ಮದ್ಯಾವ ಊರು?" ಎಂದು ಕೇಳುವಳು. ಕೇಳಿದ ಊರನ್ನು ತರಗತಿಯ ಹಳೆಯ ಭೂಪಟದಲ್ಲಿ ಹುಡುಕಿ ಕೆಂಪು ಶಾಯಿಯ ಚುಕ್ಕೆ ಇಡುವಳು. ಒಂದು ಸಲ ಜಪಾನಿನ ಒಬ್ಬ ಪ್ರೈಮರಿ ಟೀಚರು ಮೂರು ದಿನ ಅಲ್ಲೇ ಕೂತು ಗೋಡೆಯ ಆನೆಗಳ ಸಾಲನ್ನು ಪುಸ್ತಕದಲ್ಲಿ ಬರೆದುಕೊಂಡಳು. ಮೂರು ದಿನವೂ ಇವರ ಚಿತ್ರಾನ್ನ ತಿಂದಳು. ಹೋಗುವಾಗ ಉಷಾರಾಣಿಯ ಅಂಗೈ ಮೇಲೆ ತನ್ನ ಊರಿನ ಹೆಸರು ಬರೆದುಕೊಟ್ಟಳು: ಕನಜಾವ.

"ಲೋಕದೋರೆಲ್ಲ ನಮ್ಮೂರ್ ನೋಡಿದ್ರು ಕಣೇ. ನಾವು ಅವರೂರ್ ನೋಡಾದು ಯಾವಾಗ?" ಎಂದಿದ್ದಳು ಅವತ್ತು, ಬರೆದ ಹೆಸರು ಅಳಿಸೀತೆಂದು ಬಲಗೈ ತೊಳೆಯದೆ ಎಡಗೈಯಲ್ಲೇ ಊಟ ಮುಗಿಸುತ್ತ.

ಆಗಿನ ಸಂಬಳದಲ್ಲಿ ಧರ್ಮಸ್ಥಳಕ್ಕೆ ಹೋಗಿಬರುವುದೇ ದೊಡ್ಡ ಪ್ರಯಾಣ. ಈಗ ಕಾರ್ಡು ಬಂದ ಮೇಲೆ ವೇದವಲ್ಲಿ ಆ ಮಾತನ್ನು ಎತ್ತಿಕೊಂಡರು. ಉಷಾರಾಣಿಗೂ ಒಂದು ಕಾರ್ಡ್ ಮಾಡಿಸಿದರು. ಉದಯಕುಮಾರನ ಗೋಣಿಚೀಲ, ಲಾರಿಯ ಡೀಸೆಲ್ಲು, ಎಲ್ಲವೂ ಅದರಲ್ಲೇ ನಡೆಯತೊಡಗಿತು. ಬೇಲೂರಿನಲ್ಲಿ ವೇದವಲ್ಲಿ ಬೀದಿಯನ್ನೇ ಹಿಡಿದರು. ಪಕ್ಕದ ಮನೆಯ ಮುತ್ತಮ್ಮನ ಗ್ಯಾಸ್ ಸಿಲಿಂಡರು, ಎದುರುಮನೆಯ ಕರೆಂಟ್ ಬಿಲ್ಲು, ಅಣ್ಣನ ಮೊಮ್ಮಗಳು ಸ್ಪಂದನಾಳ ಶಾಲೆಯ ಫೀಸು. "ದುಡ್ಡು ನನ್ನ ಕೈಗೆ ಕೊಡಿ, ನಾನು ಕಾರ್ಡಲ್ಲಿ ಕಟ್ತೀನಿ." ನಾಣಿ ನಗುತ್ತಿದ್ದ: "ನಮ್ಮ ವೇದಾ ಬೇಲೂರಿನ ಖಜಾನೆ ಆಗಿಬಿಟ್ಟಳು."

ಪ್ರತಿ ಶನಿವಾರ ಹತ್ತು ಗಂಟೆಗೆ ಅರಸೀಕೆರೆಗೆ ಫೋನು. ಮೊದಲು ಪಾಯಿಂಟಿನ ಲೆಕ್ಕ. ಆಮೇಲೆ ಹಳೇ ಮಾತು: ಬ್ರೇಕ್ ಇಲ್ಲದ ಜಾವಗಲ್ ಬಸ್ಸು, ಪರೀಕ್ಷೆಯಲ್ಲಿ ಹೊಯ್ಸಳರ ಬದಲು ತನ್ನ ಮಾವಂದಿರ ಹೆಸರು ಬರೆದ ಹುಡುಗಿ. ಒಂದು ಗಂಟೆ ಆಗಿಹೋಗುತ್ತಿತ್ತು.

ನಾಲ್ಕನೆಯ ವರ್ಷಕ್ಕೆ ಜಪಾನಿಗೆ ಸಾಲುವಷ್ಟು ಪಾಯಿಂಟ್ ಆಯಿತು. ಆದರೆ ಉಷಾರಾಣಿಯ ಮಂಡಿ ನೋಯುತ್ತಿತ್ತು. ಇನ್ನೊಂದಿಪ್ಪತ್ತು ಸಾವಿರ ಕೂಡಿಸಿದರೆ ಕಾಲು ಚಾಚಿ ಕೂರುವ ಸೀಟು ಸಿಗುತ್ತದೆ ಎಂದರು ವೇದವಲ್ಲಿ. ಅಷ್ಟರಲ್ಲಿ ಕೊರೋನ ಬಂತು. ಅದು ಹೋಗುವ ಹೊತ್ತಿಗೆ ಟಿಕೆಟ್ಟಿಗೆ ಬೇಕಾದ ಪಾಯಿಂಟು ಏರಿತ್ತು. "ಇನ್ನೊಂದಿಪ್ಪತ್ತು ಸಾವಿರ" ಎಂದರು ಮತ್ತೆ. ಮುಂದಿನ ವರ್ಷವೂ ಅದೇ.

"ನೀನ್ ಹಿಂಗೇ ಅಂತಿದ್ರೆ ಜಪಾನೇ ನಡ್ಕಂಡು ಅರಸೀಕೆರೆಗೆ ಬತ್ತದೆ ಕಣೇ" ಎಂದಳು ಉಷಾರಾಣಿ.

ಅವಳ ದನಿಯಲ್ಲಿ ಬೇಸರವಿತ್ತು. ವೇದವಲ್ಲಿ ಗಮನಿಸಲಿಲ್ಲ.

ಕಳೆದ ವರ್ಷ ಜೂನಿನ ಒಂದು ಶನಿವಾರ ಉಷಾರಾಣಿಯೇ ಮೊದಲು ಫೋನ್ ಮಾಡಿದಳು. "ಒಂದ್ ವಿಷ್ಯ ಹೇಳ್ತೀನಿ, ಬೈಬ್ಯಾಡ. ನನ್ ಪಾಯಿಂಟ್ ಕೊಟ್ಟು ಗ್ರೈಂಡರ್ ತರಿಸ್ದೆ."

"ಎಷ್ಟು ಪಾಯಿಂಟು?"

"ಎಲ್ಲಾನೂ. ಮುನ್ನೂರು ಚಿಲ್ರೆ ಉಳಿದೈತೆ."

"ಗ್ರೈಂಡರ್‌ಗೆ? ಏಳು ವರ್ಷದ್ದು ಗ್ರೈಂಡರ್‌ಗೆ ಹಾಕಿದೆಯಾ?" ವೇದವಲ್ಲಿ ಉತ್ತರಕ್ಕೆ ಕಾಯಲಿಲ್ಲ. ಫೋನ್ ಇಟ್ಟರು.

ಎರಡು ತಿಂಗಳು ಮಾತಿಲ್ಲ. ಉಷಾರಾಣಿ ನಾಲ್ಕು ಸಲ ಕರೆ ಮಾಡಿದಳು, ಇವರು ಎತ್ತಲಿಲ್ಲ. ತಮ್ಮ ಕಾರ್ಡಿನ ಲೆಕ್ಕ ಮಾತ್ರ ಬಿಡಲಿಲ್ಲ. ಆಗಸ್ಟಿನಲ್ಲಿ ಒಂದು ದಿನ ಮುತ್ತಮ್ಮನ ಸಿಲಿಂಡರಿನ ಹಣ ಕಟ್ಟಿದಾಗ ಪಾಯಿಂಟ್ ಬಂದ ಸಂದೇಶ ಬಂತು. ಹೇಳೋಣವೆಂದು ಕೈ ತಾನಾಗಿಯೇ ಉಷಾರಾಣಿಯ ನಂಬರ್ ಒತ್ತಿತು. ಗಾಬರಿಯಾಗಿ ಕಟ್ ಮಾಡಿದರು. ಹೇಳಲು ಬೇರೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅರಸೀಕೆರೆಯ ಬಸ್ ಹತ್ತಿದರು. ಹಳೇಬೀಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಶಾಲೆಗೆ ಹೋಗುವ ಇಬ್ಬರು ಹೊಸ ಟೀಚರುಗಳು ವೃತ್ತದಲ್ಲಿ ಒಂದೇ ಛತ್ರಿಯಡಿ ನಿಂತು ಏನೋ ಹೇಳಿಕೊಂಡು ನಗುತ್ತಿದ್ದರು. ವೇದವಲ್ಲಿ ಕಿಟಕಿಯಿಂದ ಅವರನ್ನೇ ನೋಡಿದರು. ಬಸ್ಸು ಹೊರಟು ಜಾವಗಲ್ ದಾಟಿದರೂ ಆ ನಗು ಮನಸ್ಸಿನಿಂದ ಹೋಗಲಿಲ್ಲ. ಈ ರಸ್ತೆಯಲ್ಲಿ ಉಷಾರಾಣಿ ಬಸುರಿಯಾಗಿದ್ದಾಗಲೂ ನಿಂತುಕೊಂಡೇ ಬರುತ್ತಿದ್ದಳಲ್ಲ, ಒಂದು ದಿನವೂ ಗೊಣಗದೆ, ಎಂದು ನೆನಪಾಯಿತು.

ಅಂಗಡಿಯ ಮುಂದೆ ಕೊಬ್ಬರಿ ಆರಿಸುತ್ತಿದ್ದ ಉದಯಕುಮಾರ್ ಎದ್ದು ನಿಂತ. "ಬನ್ನಿ ಮೇಡಂ, ಸದ್ಯ ಬಂದ್ರಲ್ಲ! ಎರಡು ತಿಂಗಳಿಂದ ದಿನಾ ದೋಸೆನೇಯ. ಗ್ರೈಂಡರ್ ವ್ಯರ್ಥ ಆಗಬಾರ್ದು ಅಂತ ಹಟ ಹಿಡಿದವ್ಳೆ."

ಮನೆಯೊಳಗೆ ಉಷಾರಾಣಿ ದೋಸೆ ಹುಯ್ದು ತಟ್ಟೆಗೆ ಹಾಕಿದಳು. ವೇದವಲ್ಲಿ ಎರಡು ತಿಂದರು. ಮೂರನೆಯದಕ್ಕೆ ಕೈ ಅಡ್ಡ ಹಿಡಿದು ಕೇಳಿದರು:

"ಯಾಕೆ ಹೀಗೆ ಮಾಡಿದೆ?"

"ನಿಂಗೆ ಜಪಾನ್ ಬೇಕಿಲ್ಲ ಕಣೇ. ಲೆಕ್ಕ ಬೇಕು. ಅದಕ್ಕೆ ನನ್ ಪಾಲಿಂದು ನಾನೇ ಮುಗಿಸ್ದೆ."

ಸಿಟ್ಟು ಬರಬೇಕಿತ್ತು; ಬರಲಿಲ್ಲ. ವೇದವಲ್ಲಿ ತಟ್ಟೆಯ ಅಂಚನ್ನು ನೋಡುತ್ತ ಹೇಳಿದರು: "ಹೋಗಿಬಂದುಬಿಟ್ರೆ ಆಮೇಲೆ ಏನು ಅಂತ ಭಯ ಆಗ್ತಿತ್ತು. ಶನಿವಾರ ನಿಂಗೆ ಫೋನ್ ಮಾಡಿ ಏನು ಹೇಳಲಿ?"

"ಅಯ್ಯೋ ಇವಳೇ! ಹೋಗ್ಬಂದ್ಮೇಲೆ ಹೋಗ್ಬಂದಿದ್ ಮಾತಾಡಣ."

ಇಬ್ಬರೂ ನಕ್ಕರು, ನಗುವಾಗ ವೇದವಲ್ಲಿಯ ಕಣ್ಣಲ್ಲಿ ನೀರಿತ್ತು. ಉಷಾರಾಣಿ ಒಳಗಿನಿಂದ ಭೂಪಟ ತಂದಳು. ನಿವೃತ್ತಿಯ ದಿನ ಶಾಲೆಯವರು ಗುಜರಿಗೆ ಹಾಕುತ್ತಿದ್ದುದನ್ನು ಕೇಳಿ ತಂದುಕೊಂಡಿದ್ದಳು. ಕೆಂಪು ಚುಕ್ಕೆಗಳು ಮಾಸಿ ಕಂದಾಗಿದ್ದವು.

"ನಿನ್ನತ್ರ ಇರೋದ್ರಲ್ಲಿ ಇಬ್ರೂ ಎಲ್ಲಿಗ್ ಹೋಗ್ಬೋದು? ಇವತ್ತೇ ಹೇಳು."

ವೇದವಲ್ಲಿ ಮನಸ್ಸಿನಲ್ಲೇ ಗುಣಿಸಿದರು. ದೇಶ ದಾಟುವುದಾಗದು. ಬೆರಳು ಅಸ್ಸಾಮಿನ ಚುಕ್ಕೆಯ ಮೇಲೆ ನಿಂತಿತು. ಗುವಾಹಟಿಯ ಒಬ್ಬ ಮೇಷ್ಟ್ರು ಹಿಂದೊಮ್ಮೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಿದ್ದವರು, ಹಳೇಬೀಡಿನ ಕೆರೆಗೆ ದ್ವಾರಸಮುದ್ರವೆಂಬ ಹೆಸರು ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದರು. "ಇದಕ್ಕೆ ಸಮುದ್ರ ಅಂತೀರಾ? ಬನ್ನಿ, ಆಚೆ ದಡ ಕಾಣದ ನದಿ ತೋರಿಸ್ತೀನಿ" ಎಂದು ಪಂಥ ಹಾಕಿದ್ದರು.

ಫೋನಿನಲ್ಲಿ ಗುವಾಹಟಿಯ ಟಿಕೆಟ್ಟಿಗೆ ಬೇಕಾದುದೆಲ್ಲ ತುಂಬಿ ಕೊನೆಯ ಗುಂಡಿಯ ಹತ್ತಿರ ವೇದವಲ್ಲಿಯ ಬೆರಳು ತಡೆಯಿತು.

"ಒತ್ತಿ ಮೇಡಂ, ಒತ್ತಿ" ಎಂದ ಉದಯಕುಮಾರ್, ಬಾಗಿಲಲ್ಲಿ ನಿಂತು.

ಒತ್ತಿದರು. ಏಳು ವರ್ಷದ್ದು ಕ್ಷಣದಲ್ಲಿ ಖಾಲಿಯಾಯಿತು. ಖಾಲಿಯಾದಾಗ ಅಂದುಕೊಂಡಷ್ಟು ಸಂಕಟವಾಗಲಿಲ್ಲ.

ನವೆಂಬರಿನಲ್ಲಿ ಹೋದರು. ಇಕ್ಕಟ್ಟಿನ ಸೀಟಿನಲ್ಲಿ ಉಷಾರಾಣಿಯ ಮಂಡಿ ಹಿಡಿದುಕೊಂಡಿತು. ಅವಳು ವಿಮಾನದೊಳಗೆ ಮೂರು ಸಲ ಅತ್ತಿತ್ತ ನಡೆದಳು. ಗುವಾಹಟಿಯಲ್ಲಿ ದೋಣಿಯ ಮೇಲ್ಗಡೆ ನಿಂತು ಬ್ರಹ್ಮಪುತ್ರವನ್ನು ನೋಡಿದರು. ಚಳಿಗಾಲಕ್ಕೆ ನೀರು ಇಳಿದು ಮರಳುದಿಣ್ಣೆಗಳು ಎದ್ದಿದ್ದವು.

"ಲೇ, ಆಚೆ ದಡ ಕಾಣ್ತದಲ್ಲೇ! ಸುಳ್ಳ ಅವನು!" ಎಂದು ಉಷಾರಾಣಿ ಕೂಗಿದ್ದಕ್ಕೆ ದೋಣಿಯವರೆಲ್ಲ ತಿರುಗಿ ನೋಡಿದರು. ವೇದವಲ್ಲಿ ಕಂಬಿ ಹಿಡಿದು ನಕ್ಕರು. ಆ ಮೇಷ್ಟ್ರು ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ಎಂದು ಆಮೇಲೆ ಇಬ್ಬರಿಗೂ ಅನಿಸಿತು. ಐದು ದಿನ ಇದ್ದು ಬಂದರು.

ಮಾರ್ಚಿನಲ್ಲಿ ಕಾರ್ಡಿನ ವಾರ್ಷಿಕ ಶುಲ್ಕದ ಸಮಯ. ಕಾರ್ಡೇ ನಿಲ್ಲಿಸಿ ಎಂದು ವೇದವಲ್ಲಿ ಬ್ಯಾಂಕಿಗೆ ಫೋನ್ ಮಾಡಿದರು.

"ಮೇಡಂ, ಶುಲ್ಕ ಕಟ್ಟಿದ್ರೆ ಹತ್ತು ಸಾವಿರ ಬೋನಸ್ ಪಾಯಿಂಟ್ ಕೊಡ್ತೀವಿ" ಎಂದಳು ಆ ಕಡೆಯ ಹುಡುಗಿ.

ಹತ್ತು ಸಾವಿರ. ತಿಂಗಳಿಗೆ ಇಷ್ಟು, ವರ್ಷಕ್ಕೆ ಅಷ್ಟು ಎಂದು ಲೆಕ್ಕ ಓಡತೊಡಗಿತು. ವೇದವಲ್ಲಿ ಅದನ್ನು ಓಡಲು ಬಿಟ್ಟು, ಕೊನೆಗೆ ಹೇಳಿದರು: "ಬೇಡಮ್ಮ. ಕ್ಲೋಸ್ ಮಾಡು."

ಸಂಜೆ ಉಷಾರಾಣಿಗೆ ತಿಳಿಸಿದರು.

"ಬೇಜಾರಾಯ್ತಾ?"

"ಸ್ವಲ್ಪ ಆಯ್ತು ಕಣೇ."

"ಆಗ್ಲಿ ಬಿಡು. ಮೇ ತಿಂಗಳಲ್ಲಿ ನಮ್ ಚಿಕ್ಕಪ್ಪನ ಮೊಮ್ಮಗಳ ಮದುವೆ, ಹುಬ್ಬಳ್ಳೀಲಿ. ಇವರು ಅಂಗಡಿ ಬಿಟ್ಟು ಬರಕಿಲ್ವಂತೆ. ನೀನ್ ಬಾ, ರೈಲಲ್ಲಿ ಹೋಗಣ."

"ನಾನು ಯಾಕೆ? ನಂಗೆ ಅಲ್ಲಿ ಯಾರ ಪರಿಚಯ?"

"ನಂದೈತಲ್ಲ."

ವೇದವಲ್ಲಿ ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ಮೇ ತಿಂಗಳನ್ನು ನೋಡಿದರು. ತಾರೀಖು ಎಷ್ಟು ಎಂದು ಕೇಳಿದರು.