ಬುಡದ ಕಲ್ಲಿನ ವಯಸ್ಸು

“ಕಾರಣ ಹೇಳು, ಇಲ್ಲಾ ಬಾಯಿ ಮುಚ್ಚು. ಸುಮ್ಮನೆ ಆ ಕಲ್ಲು ಬಿಟ್ಟುಬಿಡು ಅಂದ್ರೆ, ನಾನೇನು ಕಾಳಲ್ಲಿ ಕಲ್ಲು ಆರಿಸ್ತಾ ಕೂತಿದೀನಾ?”

ಅಕ್ಕನ ದನಿಗೆ ಮೇಜಿನ ಗಾಜಿನ ಲೋಟಗಳೂ ನಡುಗಿದವು. ತಮ್ಮ ಬಾಗಿಲ ಬಳಿ ನಿಂತು ಚೀಲದ ಪಟ್ಟಿ ತಿರುಚುತ್ತಿದ್ದ. ತಲೆ ಅರ್ಧ ನರೆತಿದ್ದರೂ ಅವಳ ಪಾಲಿಗೆ ಅವನಿನ್ನೂ ಮರಿ.

ಅವರದು ಬಂಡೆಗಳ ವಯಸ್ಸು ಕೇಳುವ ಕೆಲಸ. ಬೆಟ್ಟದಿಂದ ಚೂರು ಕಡಿದು ತರುವವನು ಅವನು; ಪುಡಿಮಾಡಿ, ಆಸಿಡ್‌ನಲ್ಲಿ ತೊಳೆದು, ಲೆಕ್ಕ ಹಾಕುವವಳು ಅವಳು. ಹಿಮನದಿ ಮುಂದೆ ಬರುವಾಗ ಬಂಡೆಗಳನ್ನು ದಬ್ಬಿಕೊಂಡು ಬಂದು, ಕರಗಿ ಹಿಂದೆ ಸರಿಯುವಾಗ ಅಲ್ಲೇ ಕೈಬಿಡುತ್ತದೆ. ಬಯಲಿಗೆ ಬಿದ್ದ ಬಂಡೆಗೆ ಅಂದಿನಿಂದ ಬಾಹ್ಯಾಕಾಶದ ಕಿರಣಗಳು ಬಡಿಯುತ್ತಲೇ ಇರುತ್ತವೆ. ಅದರ ಮೈಯಲ್ಲಿ ಬೆರಿಲಿಯಂನ ಅಪರೂಪದ ಪರಮಾಣುಗಳು ಹುಟ್ಟುತ್ತವೆ. ಅವು ಹೆಚ್ಚಿದ್ದಷ್ಟೂ ಕಲ್ಲು ಬಯಲಲ್ಲಿದ್ದ ಕಾಲ ಹೆಚ್ಚು.

ಹಾಗೆ ಹಿಮನದಿ ಬಿಟ್ಟುಹೋದ ಒಂದು ದಿಬ್ಬದ ಮೇಲಿನ ಕಲ್ಲುಗಳೆಲ್ಲ ಹನ್ನೆರಡು ಸಾವಿರ ವರ್ಷ ಅಂದಿದ್ದವು. ಬುಡದ ಒಂದು ಕಲ್ಲು ಮಾತ್ರ ಐದು ಸಾವಿರ ಅಂದಿತ್ತು. ಹಿಮನದಿ ಆಗ ಇನ್ನೊಮ್ಮೆ ಅಲ್ಲಿಯವರೆಗೆ ಬಂದಿತ್ತು ಅನ್ನಲು ಅವಳಿಗೆ ಅಷ್ಟು ಸಾಕಾಗಿತ್ತು. ಮುಂದಿನ ವಾರದ ದೊಡ್ಡ ಸಭೆಯಲ್ಲಿ ಅದನ್ನೇ ಹೇಳುವವಳಿದ್ದಳು. ತಪ್ಪಾದರೆ ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲು. ತಮ್ಮ ಬೇಡ ಅನ್ನುತ್ತಿದ್ದ.

ಅವಳು ಕೋಲೂರಿಕೊಂಡು ಎದ್ದು ಕಪಾಟಿನಿಂದ ಆ ಕಲ್ಲಿನ ಉಳಿದ ತುಂಡು ತೆಗೆದಳು. ಪ್ರತಿ ಕಲ್ಲಿನಲ್ಲೂ ಒಂದು ತುಂಡು ಪುಡಿಮಾಡದೆ ಇಡಬೇಕೆಂಬುದು ಅವಳದೇ ಕಟ್ಟಪ್ಪಣೆ. ಅವನ ಮೂತಿಗೆ ಹಿಡಿಯಬೇಕೆಂದೇ ತೆಗೆದದ್ದು. ಬೆಳಕಿಗೆ ಬಂದಾಗ ಕೈ ನಿಂತಿತು. ಮೇಲ್ಮೈಯಲ್ಲಿ, ಬಯಲ ಬಂಡೆಗೆ ಹತ್ತುವ ಕಲ್ಲುಹೂವಿನ ಒಂದು ಚುಕ್ಕೆಯೂ ಇಲ್ಲ; ಸಂದುಗಳಲ್ಲೆಲ್ಲ ಮಣ್ಣಿನ ಕಂದು ಕಲೆ. ಬಹುಕಾಲ ಮಣ್ಣು ಹೊದ್ದು ಮಲಗಿದ್ದ ಕಲ್ಲು. ಕಿರಣ ಸರಿಯಾಗಿ ತಾಗದ ಮೇಲೆ ವಯಸ್ಸು ಕಡಿಮೆ ಬರದೆ ಇನ್ನೇನು?

ಇಂಥ ಕಲ್ಲನ್ನು ಇವನು ಕಣ್ಣು ಮುಚ್ಚಿಕೊಂಡೂ ಕಡಿಯುವವನಲ್ಲ. ಆಗ ಅದನ್ನು ಕಡಿದ ದಿನ ನೆನಪಾಯಿತು. ದಿಬ್ಬದ ಬುಡದ ಅದೇ ಸಾಲಿನಲ್ಲಿ, ಜಾರುವ ಕಲ್ಲುರಾಶಿಯ ಆಚೆ ಆಳೆತ್ತರದ ಬಂಡೆಯೊಂದಿತ್ತು. ಉಳಿಯ ಏಟು ತನ್ನ ಕಣ್ಣೆದುರೇ ಬೀಳಬೇಕೆಂದು ಹಠ ಹಿಡಿದು, ಮುರಿದು ಕೂಡಿದ ಮಂಡಿ ಎಳೆದುಕೊಂಡು ಅವಳೂ ಹೊರಟಿದ್ದಳು. ಅರ್ಧ ದಾರಿಯಲ್ಲಿ ಇವನು, ಇದೇ ಚೆನ್ನಾಗಿದೆ ಅಕ್ಕ ಅಂತ ಕಾಲ ಬಳಿಯ ಕಲ್ಲು ತೋರಿಸಿದ್ದ. ನೋವಿನಲ್ಲಿ ಅವಳು ಬಗ್ಗಿಯೂ ನೋಡಿರಲಿಲ್ಲ.

“ನನ್ನ ಕಾಲಿಗೋಸ್ಕರ ಕಡಿದ್ಯೇನೋ ಇದನ್ನ?”

“ಹೇಳಿದ್ರೆ ಒಪ್ತಿದ್ಯಾ? ಕುಂಟಿ ಅಂದ ಅಂತ ಬೆಟ್ಟಾನೇ ತಲೆ ಮೇಲೆ ಹೊತ್ಕೋತಿದ್ದೆ.”

ಅಕ್ಕ ಕೈಲಿದ್ದ ತುಂಡನ್ನು ಮೇಜಿನ ಮೇಲಿಟ್ಟಳು. ಡ್ರಾಯರ್ ಎಳೆದು ತನ್ನ ಉಳಿ ತೆಗೆದಳು. ಯಾರಿಗೂ ಮುಟ್ಟಗೊಡದ ಉಳಿ ಅದು. ಅವನ ಚೀಲಕ್ಕೆ ತುರುಕಿದಳು.

“ಆ ದೊಡ್ಡ ಬಂಡೆ ನೆತ್ತಿ ಕಡಿದು ತಾ. ಅದು ಏನು ಹೇಳುತ್ತೋ ನೋಡೋವರೆಗೂ ಸಭೇಲಿ ಐದು ಸಾವಿರದ ಮಾತು ಎತ್ತಲ್ಲ.”

“ನೀನು ಬರಲ್ವಾ?”

“ಯಾಕೆ, ನಿನಗೆ ಕಣ್ಣಿಲ್ವಾ ಕತ್ತೆ? ನಡಿ.”

ಅವನು ನಗುತ್ತಾ ಹೊರಟ. ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಮರೆಗುಳಿ, ಟೋಪಿ ಗೂಟದಲ್ಲೇ ಬಿಟ್ಟಿದ್ದ. ಇನ್ನೇನು ಟೋಪಿಗೆಂದು ವಾಪಸ್ ಬರುತ್ತಾನೆ ಅಂತ ಅವಳು ಅದನ್ನು ಹಿಡಿದು ಬಾಗಿಲಲ್ಲಿ ನಿಂತಳು. ಕೆಳಗೆ ಜೀಪು ಹೊರಟಿತು. ಅವನು ಬರಲಿಲ್ಲ.