ಕಲ್ಲುಕಂಬದ ಕೋಟು

ರಾವಂದೂರಿನಾಚೆಯ ನಮ್ಮೂರ ಶಾಲೆಯ ಮಕ್ಕಳಿಗೆ ಒಂದು ಶುಕ್ರವಾರದ ಸಂಜೆ ಇನ್ನೂ ಬಾಕಿ ಇದೆ. ಮಹಾರಾಜರ ಕಾಲ ಹೋಯಿತು, ನಾವು ಜೈಲಿಗೆ ಹೋಗಿ ತಂದ ಸ್ವರಾಜ್ಯದ ಕಾಲವೂ ಬಂದು ಹಳತಾಯಿತು; ಆ ಬಾಕಿಯನ್ನು ಯಾರೂ ತೀರಿಸಲಿಲ್ಲ. ಅದಕ್ಕಾಗಿ ಹಟ ಹಿಡಿದವರು ಒಬ್ಬರೇ, ಕವಾಯತಿನ ಮಂಟಯ್ಯ ಮೇಷ್ಟ್ರು.

ಮಂಟಯ್ಯನವರಿಗೆ ಎರಡು ನಡಿಗೆಗಳಿದ್ದವು. ಖಾಕಿ ಕೋಟು ಮೈಮೇಲಿದ್ದಾಗ ಅವರು ಅಪ್ಪಟ ಪಲ್ಟನ್ನಿನ ಸಿಪಾಯಿ: ಎದೆ ಸೆಟೆಸಿ, ಮೊಣಕಾಲು ಬಗ್ಗಿಸದೆ, ಬೆಲ್ಲ ತರಲು ಅಂಗಡಿಗೆ ಹೊರಟರೂ ಬೀದಿಯ ತಿರುವಿನಲ್ಲಿ ನಿಂತು, ಹಿಮ್ಮಡಿಯ ಮೇಲೆ ತಿರುಗಿ, ಮತ್ತೆ ಹೆಜ್ಜೆ ಹಾಕುತ್ತಿದ್ದರು. ಕೋಟು ಕಳಚಿದರೆ ಹೊಲದಿಂದ ಮರಳುವ ಆರಂಬಗಾರನ ಹಾಗೆ ಕಾಲೆಳೆಯುತ್ತಿದ್ದರು. ಮೂರನೆಯ ನಡಿಗೆಯನ್ನು ನಾನು ಕಂಡಿಲ್ಲ.

ಕವಾಯತಿನಲ್ಲಿ ಅವರು ನಿರ್ದಯಿ. ಹೆಜ್ಜೆ ತಪ್ಪಿದ ಕಾಲಿಗೆ ಹುಣಸೆ ಬರಲಿನ ರುಚಿ ತೋರಿಸದೆ ಬಿಟ್ಟವರಲ್ಲ. ಆದರೆ ಮಧ್ಯಾಹ್ನದ ಕವಾಯತು ಮುಗಿದೊಡನೆ ಕೋಟನ್ನು ಕಳಚಿ ಬಯಲಿನ ಕಲ್ಲುಕಂಬಕ್ಕೆ ನೇತುಹಾಕುವರು. ಅದು ಅಲ್ಲಿರುವವರೆಗೆ ಹಿರಿಯರೆನಿಸಿಕೊಂಡ ಯಾರೂ ಮಕ್ಕಳಿಗೆ ಏನನ್ನೂ ಆಜ್ಞಾಪಿಸಕೂಡದು. ಸಂಜೆಯ ಗಂಟೆ ಹೊಡೆದು, ಅವರು ಕೋಟು ತೊಟ್ಟು ಸೀಟಿ ಊದಿದರೆ ಮಾತ್ರ, ಯಾವ ಮಗುವೂ ಮರುಮಾತಿಲ್ಲದೆ ಸಾಲಿಗೆ ಬಂದು ನಿಲ್ಲಬೇಕು. ಮಕ್ಕಳಿಗೂ ಅವರಿಗೂ ಇದ್ದ ಕರಾರು ಇಷ್ಟೆ. ಆ ಹೊತ್ತಿನಲ್ಲಿ ಮೇಷ್ಟ್ರು ಬಯಲಿಗೆ ಬೆನ್ನು ಮಾಡಿ ಕೂತು ಹಗ್ಗ ಹೊಸೆಯುತ್ತಿದ್ದರು.

ಒಮ್ಮೆ ಹುಡುಗನೊಬ್ಬನ ತಾಯಿ ತಿಮ್ಮಮ್ಮ ಬಾಯಿ ಬಡಿದುಕೊಂಡು ಓಡಿಬಂದಳು. “ಮೇಷ್ಟ್ರೇ, ನನ್ನ ಐದ ಮರದ ತುದೀಲವ್ನೆ, ತಿರುಗಿ ನೋಡಾಕೂ ಆಗಾಕಿಲ್ವಾ ನಿಮ್ಗೆ?”

“ನೋಡಿದ್ರೆ ಬೀಳ್ತಾನೆ ಕಣವ್ವ. ನಾ ನೋಡ್ತಿಲ್ಲ ಅಂತ ಗೊತ್ತಿರೋದ್ಕೇ ಗಟ್ಟಿಯಾಗಿ ಇಡ್ಕಂಡವ್ನೆ. ಅಷ್ಟೇಯ.”

ಈ ‘ಅಷ್ಟೇಯ’ ಅವರ ಮಾತಿನ ಅಗುಳಿ. ಅದು ಬಿದ್ದ ಮೇಲೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮಕ್ಕಳ ಕೈಗೆ ನೂಲುವ ತಕಲಿ ಕೊಡೋಣವೆಂದು ನಾನು ಕೇಳಲು ಹೋಗಿದ್ದೆ. “ಅಗಲೆಲ್ಲ ಮಾರಾಜ್ರ ಇಸ್ಕೂಲು, ಸಂಜೆ ನಿಮ್ಮ ಸೊರಾಜ್ಯ. ಮಕ್ಕಳ್ದೇ ಅನ್ನೋ ಒತ್ತು ಯಾವ್ದು ಸ್ವಾಮಿ? ಅಷ್ಟೇಯ” ಎಂದರು. ಜೈಲಿನ ವಾರ್ಡರೂ ನನ್ನನ್ನು ಅಷ್ಟು ಖಂಡಿತವಾಗಿ ಹೊರಗಟ್ಟಿರಲಿಲ್ಲ.

ಒಂದು ವರ್ಷದ ಮಳೆಗಾಲದಲ್ಲಿ ಮಕ್ಕಳು ಶಾಲೆಯ ಹಿಂದಿನ ಹಳ್ಳಕ್ಕೆ ಅಡ್ಡಲಾಗಿ ಇನ್ನೊಂದು ಚುಂಚನಕಟ್ಟೆ ಅಣೆಯನ್ನೇ ಎಬ್ಬಿಸುತ್ತಿದ್ದರು: ಕಲ್ಲು, ಮಣ್ಣಿನ ಹೆಂಟೆ, ಲಂಟಾನದ ಕಡ್ಡಿ. ಪುಟ್ಟಲಕ್ಷ್ಮಿಯೆಂಬ ಮೋಟು ಜಡೆಯ ಹುಡುಗಿ ಅದಕ್ಕೆ ಅಮಲ್ದಾರಳು. ಶುಕ್ರವಾರ ಸಂಜೆ ನೀರು ಏರಿ ತಾವು ತೋಡಿದ ಕಾಲುವೆಗೆ ಹರಿಯುತ್ತದೆಂದು ಅವಳು ಸಾರಿದ್ದಳು.

ಆ ಶುಕ್ರವಾರ ಮೇಷ್ಟ್ರಿಗೆ ಚಳಿಜ್ವರ. ಹಲ್ಲು ಕಟಕಟಿಸುತ್ತಿತ್ತು, ಕೋಟು ಕೈಗೆಟಕುವಷ್ಟು ಹತ್ತಿರವಿತ್ತು. ತೊಟ್ಟರೆ ಮಕ್ಕಳ ಹೊತ್ತು ಮುಗಿಯುತ್ತದೆಂದು ಹೆಗಲ ಮೇಲೆ ಗೋಣಿಚೀಲ ಎಳೆದುಕೊಂಡು ಕೂತಿದ್ದರು. ಆಗ, ಗಂಟೆಗೆ ಇನ್ನೂ ಹೊತ್ತಿರುವಾಗಲೇ, ಶಾಲಾ ಇನ್ಸ್‌ಪೆಕ್ಟರು ಜಟಕಾದಿಂದ ಇಳಿದರು.

“ಏನಯ್ಯಾ ಇದು, ಶಾಲೆಯೋ ದೊಡ್ಡಿಯೋ? ಸಾಲು ನಿಲ್ಲಿಸು.”

“ಇನ್ನೂ ಗಂಟೆ ಒಡ್ದಿಲ್ಲ ಬುದ್ಧಿ. ಒಡೆದ್ಮ್ಯಾಕೆ ಎಂಗೆ ಬೇಕಾದ್ರೂ ನಿಲ್ಲಿಸ್ತೀನಿ. ಅಷ್ಟೇಯ.”

ಹೆಡ್‌ಮಾಸ್ಟರ್ ವೀರಭದ್ರಸ್ವಾಮಿ ಬೆವೆತುಹೋದರು. “ನನ್ನ ಹೊಟ್ಟೆ ಮೇಲೆ ಹೊಡೀಬೇಡ ಕಣಯ್ಯಾ ಮಂಟಯ್ಯ” ಎನ್ನುತ್ತ ಕಂಬದಿಂದ ಕೋಟನ್ನು ಎಳೆದು ತಾವೇ ತೊಟ್ಟು, ಅದರ ಜೇಬಿನಲ್ಲಿದ್ದ ಸೀಟಿ ತೆಗೆದು ಊದಿಬಿಟ್ಟರು.

ಕೋಟು ಯಾರ ಮೈಮೇಲಿದೆಯೆಂದು ಯಾವ ಮಗುವೂ ನೋಡಲಿಲ್ಲ. ಅದು ಕಂಬದಲ್ಲಿಲ್ಲ, ಸೀಟಿ ಕೇಳಿಸಿತು. ಮರದಿಂದ, ಹಳ್ಳದಿಂದ, ಕೆಸರುಗೈಗಳಲ್ಲೇ ಬಂದು ಮಕ್ಕಳು ನೂಲು ಹಿಡಿದಂತೆ ನಿಂತರು. ಕಟ್ಟೆಯ ಬಿರುಕಿಗೆ ಅಂಗೈ ಒತ್ತಿ ಹಿಡಿದಿದ್ದ ಪುಟ್ಟಲಕ್ಷ್ಮಿಯೂ ಕೈ ತೆಗೆದು ಬಂದಳು. ಸಾಲಿನ ಕೊನೆಯಲ್ಲಿ, ಗೋಣಿಚೀಲ ಹೊದ್ದು, ನಡುಗುತ್ತ, ಹಿಮ್ಮಡಿ ಕೂಡಿಸಿ ಇನ್ನೊಬ್ಬರು ನಿಂತಿದ್ದರು: ಮಂಟಯ್ಯ ಮೇಷ್ಟ್ರು. ತಾವು ಕಲಿಸಿದ್ದಕ್ಕೆ ತಾವೂ ಹೊರತಲ್ಲ.

ಹಿಂದೆ ನೀರು ನುಗ್ಗಿದ ಸದ್ದಾಯಿತು.

“ಮೇಷ್ಟ್ರೇ, ಒಡೀತು” ಎಂದಳು ಪುಟ್ಟಲಕ್ಷ್ಮಿ, ತಲೆ ತಿರುಗಿಸದೆ.

“ಕೇಳುಸ್ತು ಕಣವ್ವ.”

ಇನ್ಸ್‌ಪೆಕ್ಟರಿಗೆ ಕವಾಯತು ಬಹಳ ಮೆಚ್ಚಿಗೆಯಾಯಿತು. ಅದನ್ನು ಕಲಿಸಿದವರಿಗೆ ಅವಿಧೇಯತೆಗಾಗಿ ಹೆಗ್ಗಡದೇವನಕೋಟೆಗೆ ವರ್ಗವಾಯಿತು. ಮಲೇರಿಯಾದ ಆ ಕಾಡುಸೀಮೆಗೆ ಆಗ ಶಿಕ್ಷೆಯೆಂದೇ ಕಳುಹಿಸುತ್ತಿದ್ದರು. ಮಕ್ಕಳ ಆ ಹೊತ್ತನ್ನು ಮಹಾರಾಜರ ವರ್ಧಂತಿಯ ಪ್ರದರ್ಶನದ ತಾಲೀಮು ನುಂಗಿತು. ಮಂಟಯ್ಯನವರು ಹೊರಟ ದಿನ ವೀರಭದ್ರಸ್ವಾಮಿ ತಲೆ ತಗ್ಗಿಸಿ ಕೋಟನ್ನು ಹಿಂದಿರುಗಿಸಲು ಬಂದರೆ, ಮೇಷ್ಟ್ರು ಮುಟ್ಟಲಿಲ್ಲ. “ಗಂಟೆಗೆ ಮೊದ್ಲೇ ಮೈಗೇರಿದ ಕೋಟು. ಇನ್ನ ಇದ್ನ ಯಾವ ಮಗ ನಂಬೀತು ಸ್ವಾಮಿ?” ಎಂದು ಕಾಲೆಳೆಯುತ್ತ ನಡೆದರು. ‘ಅಷ್ಟೇಯ’ ಎನ್ನಲಿಲ್ಲ.

ಶಿಸ್ತು ಕಲಿಸುವವರು ಲೋಕದಲ್ಲಿ ಹೇರಳವಾಗಿದ್ದಾರೆ. ಮಕ್ಕಳನ್ನು ಬೀದಿಗೆ ಬಿಟ್ಟು ಅದನ್ನೇ ಪ್ರೀತಿಯೆನ್ನುವವರೂ ಇದ್ದಾರೆ. ತಾನು ಕಲಿಸಿದ ಶಿಸ್ತಿಗೆ ತಾನೇ ಬೇಲಿ ಹಾಕಿ, ಜ್ವರ ಬಂದರೂ ಆ ಬೇಲಿ ದಾಟದೆ ಕೂರುವ ಜಾತಿ ಮಾತ್ರ ವಿರಳ. ಅಂಥವರನ್ನು ಅರಸೊತ್ತಿಗೆಯೂ ಸಹಿಸಲಿಲ್ಲ, ನಾವೂ ಕೇಳಿಸಿಕೊಳ್ಳಲಿಲ್ಲ. ಈಗ ನೀವು ಹೇಳಿ: ಶಾಲೆ ಬಿಟ್ಟೊಡನೆ ಸಂಗೀತಕ್ಕೆ, ಸಂಗೀತ ಮುಗಿದೊಡನೆ ಲೆಕ್ಕದ ಮೇಷ್ಟ್ರ ಮನೆಗೆ ನೀವು ಅಟ್ಟುವ ಮಗುವಿಗೆ ಅದರದೇ ಎನ್ನುವ ಹೊತ್ತು ಯಾವುದು? ಇವತ್ತು ಸಂಜೆ ನಿಮ್ಮ ಕೋಟು ಕಳಚಿ. ಬೆನ್ನು ತಿರುಗಿಸಿ ಕೂತುಕೊಳ್ಳಿ. ಕಟ್ಟೆಗೆ ನೀರು ಏರಲಿ.